ಬ್ರೂನೋ ಗಾಂಟ್ಸ್ ಯಾವ ದೇಶದ ನಟ?

ಪ್ರಶ್ನೆ: ನಾನು ರಂಗಭೂಮಿಯ ವಿದ್ಯಾರ್ಥಿನಿ. ಬ್ರೂನೋ ಗಾಂಟ್ಸ್, ಮ್ಯಾಕ್ಸಿಮಿಲಿಯನ್ ಶೆಲ್, ಮಿಷೆಲ್ ಸಿಮೋನ್ ಇವರನ್ನು ಒಂದು ಕಡೆ ಸ್ವಿಸ್ ನಟರೆಂದೂ ಇನ್ನೊಂದು ಕಡೆ ಜರ್ಮನ್ ಅಥವಾ ಫ್ರೆಂಚ್ ನಟರೆಂದೂ ಬರೆದಿರುತ್ತಾರೆ. ಮೊಟ್ಟಮೊದಲ ಆಸ್ಕರ್ ಪಡೆದ ನಟ ಸ್ವಿಟ್ಜರ್ಲೆಂಡಿನವರೆಂದೂ ಓದಿದ್ದೇನೆ. ಸ್ವಿಸ್ ಅಭಿನಯ ಎಂಬ ಪ್ರತ್ಯೇಕ ಪರಂಪರೆ ನಿಜಕ್ಕೂ ಇದೆಯೇ? ಇದ್ದರೆ ಯಾರಿಂದ ನೋಡಲು ಆರಂಭಿಸಬೇಕು?

ಉತ್ತರ: ಸುಲಭದ ಭಾಗವನ್ನು ಮೊದಲು ಮುಗಿಸಿಬಿಡುತ್ತೇನೆ. 1929ರಲ್ಲಿ ನಡೆದ ಮೊದಲ ಆಸ್ಕರ್ ಸಮಾರಂಭದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಪಡೆದ ಎಮಿಲ್ ಯಾನಿಂಗ್ಸ್ ಅವರು 1884ರಲ್ಲಿ ಹುಟ್ಟಿದ್ದು ಸ್ವಿಟ್ಜರ್ಲೆಂಡಿನ ರೋರ್‌ಷಾಖ್ ಎಂಬ ಪಟ್ಟಣದಲ್ಲಿ ಎಂಬುದು ನಿಜ. ಆದರೆ ತಂದೆ ಅಮೆರಿಕದವರು, ತಾಯಿ ಜರ್ಮನರು. ಯಾನಿಂಗ್ಸ್ ಬೆಳೆದದ್ದು ಜರ್ಮನಿಯಲ್ಲಿ, ಹೆಸರು ಮಾಡಿದ್ದು ಬರ್ಲಿನ್ನಿನ ರಂಗಭೂಮಿ ಮತ್ತು ಮೂಕಿ ಚಿತ್ರಗಳಲ್ಲಿ. ನಾಜಿ ಆಡಳಿತ ಬಂದಾಗ ಅದರ ಪ್ರಚಾರಚಿತ್ರಗಳಲ್ಲಿ ಮುಖ್ಯ ಪಾತ್ರ ವಹಿಸಿದರು, ಯುದ್ಧ ಮುಗಿದ ಮೇಲೆ ಮತ್ತೆ ತೆರೆಯ ಮೇಲೆ ಬರಲಾಗಲಿಲ್ಲ. ಅವರನ್ನು ಸ್ವಿಸ್ ನಟರ ಪಟ್ಟಿಗೆ ಸೇರಿಸುವುದು ಜನನ ಪ್ರಮಾಣಪತ್ರವನ್ನು ಅತಿಯಾಗಿ ನಂಬಿದಂತೆ.

ಉಳಿದ ಮೂವರ ವಿಷಯ ಅಷ್ಟು ಸುಲಭವಲ್ಲ, ನಿಮಗೆ ಗೊಂದಲವಾಗಿರುವುದು ಸಹಜ. ಸುಮಾರು 90 ಲಕ್ಷ ಜನರಿರುವ ಆ ದೇಶದಲ್ಲಿ ನಾಲ್ಕು ರಾಷ್ಟ್ರಭಾಷೆಗಳಿವೆ. ಜರ್ಮನ್ ಆಡುವವರು ನೂರಕ್ಕೆ ಅರವತ್ತಕ್ಕಿಂತ ತುಸು ಹೆಚ್ಚು, ಫ್ರೆಂಚ್ ಆಡುವವರು ಕಾಲು ಭಾಗಕ್ಕಿಂತ ಸ್ವಲ್ಪ ಕಡಿಮೆ. ಇಟಾಲಿಯನ್ನಿನವರು ಅವರಿಗಿಂತ ಬಹಳ ಕಡಿಮೆ, ರೊಮಾನ್ಶ್ ಮಾತನಾಡುವವರಂತೂ ಬೆರಳೆಣಿಕೆಯಷ್ಟು. ಹೀಗಾಗಿ ಇಡೀ ದೇಶಕ್ಕೆ ಒಂದೇ ರಂಗಭೂಮಿಯಾಗಲಿ ಒಂದೇ ಚಿತ್ರೋದ್ಯಮವಾಗಲಿ ಬೆಳೆಯಲು ಅವಕಾಶವೇ ಇರಲಿಲ್ಲ. ಜಿನೀವಾದ ಪ್ರತಿಭಾವಂತ ನಟನ ಕಣ್ಣು ಪ್ಯಾರಿಸ್ಸಿನ ಮೇಲೆ, ಜ್ಯೂರಿಕ್ಕಿನವನ ಕಣ್ಣು ಬರ್ಲಿನ್, ಮ್ಯೂನಿಕ್, ವಿಯೆನ್ನಾಗಳ ಮೇಲೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ತೊಡಕಿದೆ. ಜರ್ಮನ್ ಭಾಗದ ಸ್ವಿಸ್ಸರು ಮನೆಯಲ್ಲಿ, ಬೀದಿಯಲ್ಲಿ, ಕಚೇರಿಯಲ್ಲಿ ಆಡುವ ಮಾತು ಶಿಷ್ಟ ಜರ್ಮನ್ ಅಲ್ಲ; ಅದು ಹ್ಯಾಂಬರ್ಗಿನವನಿಗೆ ಸುಲಭವಾಗಿ ಅರ್ಥವಾಗದ, ಊರಿಂದೂರಿಗೆ ಬದಲಾಗುವ ಸ್ವಿಸ್ ಜರ್ಮನ್. ಮನೆಯಲ್ಲಿ ತುಳು ಆಡುತ್ತ ಬೆಳೆದ ಮಂಗಳೂರಿನ ಹುಡುಗ ಗ್ರಾಂಥಿಕ ಕನ್ನಡದ ನಾಟಕದಲ್ಲಿ ಪಾತ್ರ ಮಾಡುವಾಗ ನಾಲಿಗೆಯನ್ನು ಹೇಗೆ ಬೇರೆಯಾಗಿ ತಿರುಗಿಸಬೇಕಾಗುತ್ತದೆಯೋ, ಜ್ಯೂರಿಕ್ಕಿನ ನಟನೂ ಜರ್ಮನ್ ನಾಟಕಕಾರ ಷಿಲ್ಲರನ ನಾಟಕಕ್ಕೆ ನಿಂತಾಗ ಹಾಗೆಯೇ ತನ್ನ ಮನೆಮಾತನ್ನು ಬದಿಗಿಟ್ಟು ಕಲಿತ ಭಾಷೆಯಲ್ಲಿ ಮಾತನಾಡಬೇಕು.

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಸ್ವಿಸ್ ಅಭಿನಯ ಎಂಬ ಒಂದು ಶೈಲಿ ಇಲ್ಲ, ಆದರೆ ಸ್ವಿಸ್ ನಟನ ಪರಿಸ್ಥಿತಿ ಎಂಬುದೊಂದು ಖಂಡಿತ ಇದೆ. ಮನೆಮಾತಿನಲ್ಲಿ ಉಳಿದರೆ ಊರಿನ ಪ್ರೀತಿ ಸಿಗುತ್ತದೆ, ಗಡಿಯಾಚೆ ಹೆಸರಿಲ್ಲ. ಕಲಿತ ಭಾಷೆಗೆ ಹೋದರೆ ಹೆಸರು ಸಿಗುತ್ತದೆ, ಆದರೆ ಆ ಹೆಸರಿನ ಮುಂದೆ ಬೇರೆ ದೇಶದ ವಿಶೇಷಣ ಅಂಟಿಕೊಳ್ಳುತ್ತದೆ. ನೀವು ಹೆಸರಿಸಿದ ಮೂವರೂ ಎರಡನೆಯ ದಾರಿ ಹಿಡಿದವರು. ಮೊದಲ ದಾರಿಯವರ ಹೆಸರು ನಿಮ್ಮ ಪ್ರಶ್ನೆಯಲ್ಲಿ ಒಂದೂ ಇಲ್ಲ ಎಂಬುದೇ ಈ ಪರಿಸ್ಥಿತಿಗೆ ಸಾಕ್ಷಿ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಜರ್ಮನಿಯಿಂದ ಓಡಿಬಂದ ಯಹೂದಿ ಹಾಗೂ ಎಡಪಂಥೀಯ ಕಲಾವಿದರಲ್ಲಿ ಅನೇಕರಿಗೆ ಕೆಲಸ ಸಿಕ್ಕಿದ್ದು ಜ್ಯೂರಿಕ್ಕಿನ ಶೌಷ್ಪೀಲ್‌ಹೌಸ್ ರಂಗಮಂದಿರದಲ್ಲಿ. ತೆರೇಸೆ ಗೀಸೆ, ಎರ್ನ್ಸ್ಟ್ ಗಿನ್ಸ್‌ಬರ್ಗ್, ಕುರ್ಟ್ ಹೋರ್ವಿಟ್ಸ್, ಲಿಯೊನಾರ್ಡ್ ಸ್ಟೆಕೆಲ್ ಮುಂತಾದವರ ಜೊತೆಗೆ ನಾಜಿಗಳ ಬಂದೀಖಾನೆ ಶಿಬಿರದಲ್ಲಿದ್ದು ಬಿಡುಗಡೆಯಾಗಿ ಬಂದ ವೋಲ್ಫ್‌ಗಾಂಗ್ ಲಾಂಗ್‌ಹೋಫ್ ಕೂಡ ಅಲ್ಲಿದ್ದರು. ಯುದ್ಧದ ವರ್ಷಗಳಲ್ಲಿ ಜರ್ಮನ್ ಭಾಷೆಯ ಸ್ವತಂತ್ರ ರಂಗಭೂಮಿಯೆಂದು ಉಳಿದದ್ದು ಹೆಚ್ಚುಕಡಿಮೆ ಇದೊಂದೇ. ಜರ್ಮನ್ ನಾಟಕಕಾರ ಬ್ರೆಕ್ಟ್‌ನ 'ಮದರ್ ಕರೇಜ್' 1941ರ ಏಪ್ರಿಲ್‌ನಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ರಂಗಕ್ಕೆ ಬಂದದ್ದು ಇಲ್ಲಿ, ಗೀಸೆಯವರ ಮುಖ್ಯ ಪಾತ್ರದಲ್ಲಿ, 'ಗೆಲಿಲಿಯೋ' 1943ರಲ್ಲಿ. ಮುಂದೆ 1956ರಲ್ಲಿ ಸ್ವಿಸ್ ನಾಟಕಕಾರ ಫ್ರೀಡ್ರಿಷ್ ಡ್ಯೂರೆನ್‌ಮಾಟ್ ಅವರ 'ದಿ ವಿಸಿಟ್' ಇದೇ ರಂಗದ ಮೇಲೆ ಹುಟ್ಟಿದಾಗ ಊರನ್ನೇ ಕೊಳ್ಳಲು ಬರುವ ಆ ಮುದುಕಿಯ ಪಾತ್ರವನ್ನೂ ಗೀಸೆಯೇ ಮಾಡಿದರು. ಗೀಸೆ ಮ್ಯೂನಿಕ್ಕಿನವರು, ಸ್ವಿಸ್ ಅಲ್ಲ. ಆದರೂ ಅವರ ಹೆಸರು ಬಿಟ್ಟು ಸ್ವಿಸ್ ರಂಗಭೂಮಿಯ ಚರಿತ್ರೆಯನ್ನು ಬರೆಯಲಾಗದು. ಒಂದು ಇಡೀ ತಲೆಮಾರಿನ ಸ್ವಿಸ್ ನಟರು ರಂಗದ ಶಿಸ್ತನ್ನು ಕಲಿತದ್ದು ಈ ನಿರಾಶ್ರಿತರ ಪಕ್ಕದಲ್ಲಿ ನಿಂತು.

ಹಾಗೆ ನಿಂತವರಲ್ಲಿ ಹೈನ್ರಿಷ್ ಗ್ರೆಟ್ಲರ್ ಮುಖ್ಯರು. 1897ರಲ್ಲಿ ಜ್ಯೂರಿಕ್ಕಿನಲ್ಲಿ ಹುಟ್ಟಿದ ಇವರು ಬರ್ಲಿನ್ನಿನಲ್ಲಿ ನಟರಾಗಿದ್ದು, ನಾಜಿಗಳು ಬಂದ ಮೇಲೆ ಊರಿಗೆ ಮರಳಿದರು. 1939ರಲ್ಲಿ ಶೌಷ್ಪೀಲ್‌ಹೌಸ್‌ನಲ್ಲಿ ಪರಕೀಯರ ದಬ್ಬಾಳಿಕೆಗೆ ತಲೆಬಾಗದ ಸ್ವಿಸ್ ಜಾನಪದ ವೀರ ವಿಲಿಯಂ ಟೆಲ್ ಆದರು. ಗಡಿಯಾಚೆ ಜರ್ಮನ್ ಸೈನ್ಯ ಸಜ್ಜಾಗುತ್ತಿದ್ದ ಕಾಲದಲ್ಲಿ ಆ ಪಾತ್ರಕ್ಕೆ ಎಂಥ ಅರ್ಥವಿತ್ತೆಂದು ನೀವೇ ಊಹಿಸಬಹುದು. ಅದೇ ವರ್ಷ ಲಿಯೊಪೋಲ್ಡ್ ಲಿಂಟ್‌ಬರ್ಗ್ ನಿರ್ದೇಶಿಸಿದ 'ವಾಖ್ಟ್‌ಮೈಸ್ಟರ್ ಸ್ಟೂಡರ್' ಚಿತ್ರದಲ್ಲಿ ದಪ್ಪ ಮೈಯ, ನಿಧಾನ ನಡಿಗೆಯ ಪೊಲೀಸ್ ಅಧಿಕಾರಿಯಾಗಿ ಬಂದರು. ಈ ಪಾತ್ರದಲ್ಲಿ ಅವರು ಮಾಡುವುದು ಬಹಳ ಕಡಿಮೆ: ಕೂರುತ್ತಾರೆ, ಕೇಳುತ್ತಾರೆ, ಎದುರಿಗಿರುವವನು ಸುಳ್ಳು ಹೇಳಿ ಮುಗಿಸುವವರೆಗೆ ಕಾಯುತ್ತಾರೆ. ಜರ್ಮನಿಯ ರಂಗನಟರ ಅಬ್ಬರದ ಮಾತುಗಾರಿಕೆಗೆ ಒಗ್ಗಿದ ಕಿವಿಗೆ ಇದು ಬೇರೆಯೇ ಲೋಕ. ಸ್ವಿಸ್ ನಟನೆಗೆ ತನ್ನದೇ ಆದ ಧಾಟಿ ಎಂಬುದು ಏನಾದರೂ ಇದ್ದರೆ ಈ ಕಾಯುವ ಗುಣದಲ್ಲಿ ಅದರ ಎಳೆಯಿದೆ ಎಂದು ನನಗೆ ಅನ್ನಿಸುತ್ತದೆ.

ನಾಟಕದ ಜೊತೆಜೊತೆಗೇ ಕ್ಯಾಬರೆ ಬೆಳೆಯಿತು. ಕ್ಯಾಬರೆ ಎಂದ ಕೂಡಲೇ ನಮ್ಮ ಹಳೆಯ ಸಿನಿಮಾಗಳ ನೃತ್ಯ ನೆನಪಾಗಬಾರದು; ಇದು ಹಾಡು, ಕಿರುಪ್ರಹಸನ, ರಾಜಕೀಯ ವಿಡಂಬನೆಗಳನ್ನು ಹೆಣೆದ ರಂಗಪ್ರಕಾರ. ಜ್ಯೂರಿಕ್ಕಿನ ಹಳೆಯ ಪೇಟೆಯ ಹಿರ್ಷನ್ ಹೋಟೆಲಿನಲ್ಲಿ 1934ರಲ್ಲಿ ಆರಂಭವಾದ 'ಕ್ಯಾಬರೆ ಕಾರ್ನಿಶೋನ್' ಸ್ವಿಸ್ ಆಡುಮಾತಿನಲ್ಲೇ ಹಿಟ್ಲರನನ್ನೂ ಅವನಿಗೆ ಹೆದರುತ್ತಿದ್ದ ಸ್ವಂತ ಸರ್ಕಾರವನ್ನೂ ಲೇವಡಿ ಮಾಡಿತು, ಜರ್ಮನ್ ರಾಯಭಾರ ಕಚೇರಿಯ ಆಕ್ಷೇಪಣೆಗಳನ್ನೂ ಎದುರಿಸಿತು. ಎಲ್ಸಿ ಆಟನ್‌ಹೋಫರ್, ಎಮಿಲ್ ಹೆಗೆಟ್‌ಶ್ವೈಲರ್, ರೊಮಾನ್ಶ್ ಸೀಮೆಯಿಂದ ಬಂದ ಝಾರ್ಲಿ ಕಾರಿಜಿಯೆ, ಬಾಸೆಲ್‌ನ ಆಲ್ಫ್ರೆಡ್ ರಾಸ್ಸರ್ ಇಲ್ಲಿ ಪಳಗಿದರು. ರಾಸ್ಸರ್ ಅವರ 'ಲ್ಯಾಪ್ಲಿ' ಎಂಬ ಪೆದ್ದು ಸೈನಿಕನ ಪಾತ್ರ ಮೇಲಧಿಕಾರಿಯ ಪ್ರತಿ ಆಜ್ಞೆಯನ್ನೂ ಅಕ್ಷರಶಃ ಪಾಲಿಸಿಯೇ ಸೈನ್ಯದ ಮಾನ ಕಳೆಯುತ್ತಿತ್ತು. 1954ರಲ್ಲಿ ಚೀನಾಕ್ಕೆ ಹೋಗಿಬಂದರೆಂಬ ಒಂದೇ ಕಾರಣಕ್ಕೆ ಇದೇ ಜನಪ್ರಿಯ ನಟರನ್ನು ಜನ ವರ್ಷಗಳ ಕಾಲ ದೂರವಿಟ್ಟರು. ಮುಂದೆ 1967ರಲ್ಲಿ ಅವರೇ ಸಂಸತ್ತಿಗೆ ಆಯ್ಕೆಯಾದರು. ಇವರ ಹೆಸರುಗಳು ಸ್ವಿಟ್ಜರ್ಲೆಂಡಿನ ಹೊರಗೆ ಕೇಳಿಬರದಿರುವುದಕ್ಕೆ ಪ್ರತಿಭೆಯ ಕೊರತೆ ಕಾರಣವಲ್ಲ. ಆಡುಮಾತಿನ ನಗೆಗೆ ಉಪಶೀರ್ಷಿಕೆ ಹಾಕುವುದು ಕಷ್ಟ, ಅಷ್ಟೆ.

ಈಗ ಶೆಲ್ ಕುಟುಂಬ. ತಂದೆ ಹರ್ಮನ್ ಫರ್ಡಿನಾಂಡ್ ಶೆಲ್ ಸ್ವಿಸ್ ಲೇಖಕ, ತಾಯಿ ಆಸ್ಟ್ರಿಯಾದ ನಟಿ. ಮಕ್ಕಳು ಹುಟ್ಟಿದ್ದು ವಿಯೆನ್ನಾದಲ್ಲಿ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ಕುಟುಂಬ ಜ್ಯೂರಿಕ್ಕಿಗೆ ಬಂತು. ಮ್ಯಾಕ್ಸಿಮಿಲಿಯನ್ ಅವರಿಗಿಂತ ಮೊದಲು ಪ್ರಸಿದ್ಧಿಗೆ ಬಂದವರು ಅಕ್ಕ ಮಾರಿಯಾ. ಹದಿಹರೆಯದಲ್ಲೇ, 1942ರಲ್ಲಿ, 'ಸ್ಟೈಬ್ರುಖ್' ಎಂಬ ಸ್ವಿಸ್ ಚಿತ್ರದಲ್ಲಿ ಗ್ರೆಟ್ಲರ್ ಎದುರು ನಟಿಸಿ, ಐವತ್ತರ ದಶಕದಲ್ಲಿ ಯುರೋಪಿನ ದೊಡ್ಡ ತಾರೆಯಾದರು. ಎಮಿಲ್ ಝೋಲಾನ ಕಾದಂಬರಿಯನ್ನು ಆಧರಿಸಿದ 'ಜೆರ್ವೇಸ್' ಚಿತ್ರಕ್ಕಾಗಿ 1956ರಲ್ಲಿ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿ ಪಡೆದರು, ಮರುವರ್ಷ ಇಟಲಿಯ ನಿರ್ದೇಶಕ ವಿಸ್ಕೊಂತಿಯ 'ವೈಟ್ ನೈಟ್ಸ್'ನಲ್ಲಿ ನಟಿಸಿದರು. ತುಟಿಯಲ್ಲಿ ನಗುವಿರುವಾಗಲೇ ಕಣ್ಣು ತುಂಬಿಬರುವುದು ಅವರ ಗುರುತಾಗಿತ್ತು. ಅದೇ ಅವರನ್ನು ಕಟ್ಟಿಹಾಕಿತು ಎಂಬುದೂ ನಿಜ, ನಿರ್ಮಾಪಕರು ಮತ್ತೆ ಮತ್ತೆ ಅದನ್ನೇ ಕೇಳಿದರು.

ತಮ್ಮ ಮ್ಯಾಕ್ಸಿಮಿಲಿಯನ್ ಶೆಲ್ ಹಾಲಿವುಡ್‌ನಲ್ಲಿ ಗೆದ್ದದ್ದು 'ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್' ಚಿತ್ರದಿಂದ. 1961ರ ಈ ಚಿತ್ರದಲ್ಲಿ ನಾಜಿ ನ್ಯಾಯಾಧೀಶರ ಪರ ವಾದಿಸುವ ಜರ್ಮನ್ ವಕೀಲ ಹಾನ್ಸ್ ರೋಲ್ಫೆಯ ಪಾತ್ರ ಅವರದು. ಎರಡು ವರ್ಷ ಮೊದಲು ಇದೇ ಕಥೆಯ ದೂರದರ್ಶನ ರೂಪದಲ್ಲೂ ಅದೇ ಪಾತ್ರ ಮಾಡಿದ್ದರು. ಶ್ರೇಷ್ಠ ನಟ ಆಸ್ಕರ್‌ಗೆ ಅದೇ ಚಿತ್ರದ ಸ್ಪೆನ್ಸರ್ ಟ್ರೇಸಿಯೂ ನಾಮನಿರ್ದೇಶನಗೊಂಡಿದ್ದರು, ಪ್ರಶಸ್ತಿ ಬಂದದ್ದು ಶೆಲ್‌ಗೆ. ನೀವು ನಟನೆಯ ವಿದ್ಯಾರ್ಥಿನಿಯಾದ್ದರಿಂದ ಅವರ ವಾದದ ದೃಶ್ಯಗಳನ್ನು ಧ್ವನಿಯ ಏರಿಳಿತಕ್ಕಾಗಿ ನೋಡಬೇಕು. ತಾನು ಸಮರ್ಥಿಸುತ್ತಿರುವುದು ಅಸಮರ್ಥನೀಯವೆಂದು ಬಲ್ಲ ಬುದ್ಧಿವಂತನೊಬ್ಬ ದೇಶದ ಮಾನದ ಹೆಸರಿನಲ್ಲಿ ತನ್ನನ್ನು ತಾನೇ ಒಪ್ಪಿಸಿಕೊಳ್ಳುವ ಪ್ರಯತ್ನ ಅಲ್ಲಿ ಕೇಳಿಸುತ್ತದೆ. ಜರ್ಮನ್ ಮಾತನಾಡುವ, ಆದರೆ ಬಾಲ್ಯದಲ್ಲೇ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಸ್ವಿಸ್ ಪ್ರಜೆ ಈ ಪಾತ್ರವನ್ನು ಮಾಡಿದ್ದು ಆಕಸ್ಮಿಕ ಇರಬಹುದು. ಒಳಗಿನವನೂ ಹೊರಗಿನವನೂ ಆಗಿರುವ ಆ ದೂರ ಪಾತ್ರಕ್ಕೆ ಒದಗಿಬಂದಿದೆ.

ನಟನಾಗಿ ಹಾಲಿವುಡ್ ಅವರಿಗೆ ಮತ್ತೆ ಮತ್ತೆ ಜರ್ಮನ್ ಅಧಿಕಾರಿಯ ಸಮವಸ್ತ್ರವನ್ನೇ ತೊಡಿಸಿತು. ನಿರ್ದೇಶಕನಾಗಿ ಅವರು ಹೆಚ್ಚು ಸ್ವತಂತ್ರರು. 1984ರ 'ಮಾರ್ಲೀನ್' ಸಾಕ್ಷ್ಯಚಿತ್ರವನ್ನೇ ನೋಡಿ: ವೃದ್ಧೆಯಾದ ಜರ್ಮನ್ ಮೂಲದ ಹಾಲಿವುಡ್ ತಾರೆ ಮಾರ್ಲೀನ್ ಡೀಟ್ರಿಷ್ ಸಂದರ್ಶನಕ್ಕೆ ಒಪ್ಪಿದರು, ಆದರೆ ಕ್ಯಾಮೆರಾಕ್ಕೆ ಮುಖ ತೋರಿಸಲು ಒಪ್ಪಲಿಲ್ಲ. ಶೆಲ್ ಆ ನಿರಾಕರಣೆಯನ್ನೇ ಚಿತ್ರವಾಗಿಸಿದರು. ಕೇಳಿಸುವುದು ಡೀಟ್ರಿಷ್ ಅವರ ಸಿಡುಕಿನ ಧ್ವನಿ, ಕಾಣುವುದು ಹಳೆಯ ಚಿತ್ರಗಳ ತುಣುಕುಗಳು ಮತ್ತು ಅವರ ಪ್ಯಾರಿಸ್ ಮನೆಯಂತೆ ಕಟ್ಟಿದ ಸೆಟ್. ಇಬ್ಬರು ನಟರು ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಒಂದು ವ್ಯಕ್ತಿಚಿತ್ರ ಬಿಡಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಬ್ರೂನೋ ಗಾಂಟ್ಸ್ ವಿಷಯಕ್ಕೆ ಹೆಚ್ಚು ಜಾಗ ಕೊಡಲೇಬೇಕು. ಅವರು 1941ರ ಮಾರ್ಚ್ 22ರಂದು ಜ್ಯೂರಿಕ್ಕಿನಲ್ಲಿ ಹುಟ್ಟಿದರು. ತಂದೆ ಸ್ವಿಸ್ ಮೆಕ್ಯಾನಿಕ್, ತಾಯಿ ಉತ್ತರ ಇಟಲಿಯವರು. ಊರಿನಲ್ಲಿ ಸಣ್ಣಪುಟ್ಟ ಚಿತ್ರಗಳಲ್ಲಿ ಕಾಣಿಸಿಕೊಂಡು, ಅರವತ್ತರ ದಶಕದಲ್ಲಿ ಜರ್ಮನಿಗೆ ಹೋಗಿ ಬ್ರೆಮನ್ ರಂಗಭೂಮಿಯಲ್ಲಿ ನೆಲೆನಿಂತರು. ಅಲ್ಲಿ ಪೀಟರ್ ಸ್ಟೈನ್ ನಿರ್ದೇಶನದಲ್ಲಿ ಜರ್ಮನ್ ಕವಿ ಗಯಟೆಯ ನಾಟಕದ ನಾಯಕ ಟಾಸೋ ಆದರು, 1970ರಲ್ಲಿ ಅದೇ ಸ್ಟೈನ್ ಜೊತೆ ಬರ್ಲಿನ್ನಿನ ಶೌಬ್ಯೂನೆ ತಂಡ ಕಟ್ಟಿದರು. ಯಾವ ನಾಟಕ ಆಡಬೇಕು, ಹೇಗೆ ಆಡಬೇಕು ಎಂಬುದನ್ನು ನಟರು, ತಂತ್ರಜ್ಞರು ಎಲ್ಲರೂ ಸಭೆ ಸೇರಿ ಚರ್ಚಿಸಿ ನಿರ್ಧರಿಸುತ್ತಿದ್ದ ತಂಡ ಅದು. ಪಠ್ಯವನ್ನು ತಿಂಗಳುಗಟ್ಟಲೆ ಓದಿ, ಪ್ರತಿ ವಾಕ್ಯಕ್ಕೆ ಕಾರಣ ಹುಡುಕಿ, ಆಮೇಲೆ ಆ ಓದು ಕಾಣದಂತೆ ನಟಿಸುವ ಅಭ್ಯಾಸ ಅವರಿಗೆ ಅಲ್ಲಿ ಬಂತು. ಮುಂದಿನ ಎಲ್ಲ ಸಿನಿಮಾ ಪಾತ್ರಗಳ ಅಡಿಪಾಯ ಅದೇ.

'ಡೌನ್‌ಫಾಲ್' ಚಿತ್ರದ ಹಿಟ್ಲರನನ್ನು ನೀವು ಖಂಡಿತ ನೋಡಿರುತ್ತೀರಿ, ಚಿತ್ರ ನೋಡಿರದಿದ್ದರೂ ಬಂಕರಿನಲ್ಲಿ ಅರಚುವ ಆ ದೃಶ್ಯಕ್ಕೆ ಬೇರೆ ಬೇರೆ ಉಪಶೀರ್ಷಿಕೆ ಹಚ್ಚಿದ ತಮಾಷೆ ವಿಡಿಯೋಗಳನ್ನಂತೂ ನೋಡಿರುತ್ತೀರಿ. ನನ್ನ ಸಲಹೆ ಎಂದರೆ ಅರಚಾಟವನ್ನು ಬಿಟ್ಟು ಉಳಿದದ್ದನ್ನು ನೋಡಿ. 2004ರ ಈ ಪಾತ್ರಕ್ಕಾಗಿ ಗಾಂಟ್ಸ್ ಪಾರ್ಕಿನ್ಸನ್ ರೋಗಿಗಳನ್ನು ಆಸ್ಪತ್ರೆಯಲ್ಲಿ ಗಮನಿಸಿದರು. 1942ರಲ್ಲಿ ಫಿನ್ಲೆಂಡಿನಲ್ಲಿ ಹಿಟ್ಲರನಿಗೆ ತಿಳಿಯದಂತೆ ಮುದ್ರಿಸಿಕೊಂಡ, ಅವನು ಭಾಷಣದ ಧಾಟಿಯಲ್ಲಲ್ಲದೆ ಸಾಮಾನ್ಯ ಮಾತಿನಲ್ಲಿ ಹರಟುವ ಧ್ವನಿಮುದ್ರಿಕೆಯನ್ನು ಕೇಳಿ ಅಭ್ಯಾಸ ಮಾಡಿದರು. ಹೀಗಾಗಿ ಚಿತ್ರದ ಆರಂಭದಲ್ಲಿ ಕಾರ್ಯದರ್ಶಿಯ ಕೆಲಸಕ್ಕೆ ಬಂದ ಹುಡುಗಿಯರೊಂದಿಗೆ ಮಾತನಾಡುವಾಗ ಕೇಳುವ ಸ್ವರ ತಗ್ಗಿದ್ದು, ಸ್ವಲ್ಪ ಒರಟು, ಹಿರಿಯನೊಬ್ಬನ ವಿಶ್ವಾಸದ ಧಾಟಿಯದು. ಬೆನ್ನ ಹಿಂದೆ ಕಟ್ಟಿದ ಎಡಗೈ ನಡುಗುತ್ತಿರುವುದು ಅವನ ಎದುರಿಗಿರುವವರಿಗೆ ಕಾಣದು, ನಮಗೆ ಕಾಣುತ್ತದೆ. ಇಂಥವನನ್ನು ಮನುಷ್ಯನಂತೆ ತೋರಿಸಬಹುದೇ ಎಂದು ಜರ್ಮನಿಯಲ್ಲಿ ದೊಡ್ಡ ಚರ್ಚೆ ನಡೆಯಿತು. ಮನುಷ್ಯನಂತೆ ತೋರಿಸಿದ್ದರಿಂದಲೇ ಆ ಪಾತ್ರ ಭಯ ಹುಟ್ಟಿಸುತ್ತದೆ ಎಂಬುದು ನನ್ನ ನಿಲುವು.

ಅದಕ್ಕೆ ಪೂರ್ತಿ ಎದುರಾದದ್ದು ವಿಮ್ ವೆಂಡರ್ಸ್ ಅವರ 1987ರ 'ವಿಂಗ್ಸ್ ಆಫ್ ಡಿಸೈರ್'. ಬರ್ಲಿನ್ನಿನ ಜನರ ಮನದ ಮಾತುಗಳನ್ನು ಕೇಳುತ್ತ ಅಲೆಯುವ ದೇವದೂತ ಡಾಮಿಯೇಲ್ ಆಗಿ ಚಿತ್ರದ ಬಹುಪಾಲು ಗಾಂಟ್ಸ್ ಮಾಡುವ ಕೆಲಸ ಒಂದೇ, ಕೇಳುವುದು. ಮೆಟ್ರೋ ರೈಲಿನಲ್ಲಿ, ಗ್ರಂಥಾಲಯದಲ್ಲಿ ಅಪರಿಚಿತರ ಪಕ್ಕ ನಿಂತು, ಅವರ ಹೆಗಲಿಗೆ ತಲೆ ವಾಲಿಸಿ ಕೇಳುವ ಮುಖ ಅದು. ಅವನು ಮನುಷ್ಯನಾಗಿ ಭೂಮಿಗೆ ಬಿದ್ದ ಕ್ಷಣ ಕಪ್ಪು-ಬಿಳುಪು ಚಿತ್ರ ಬಣ್ಣಕ್ಕೆ ತಿರುಗುತ್ತದೆ. ತಲೆಗೆ ಏಟು ಬಿದ್ದು ರಕ್ತ ಬಂದಿರುತ್ತದೆ. ಬೆರಳಲ್ಲಿ ಒತ್ತಿ ನೋಡುತ್ತಾನೆ, ರುಚಿ ನೋಡುತ್ತಾನೆ, ರುಚಿಯಿದೆ ಎಂದು ಖುಷಿಪಡುತ್ತಾನೆ. ದಾರಿಹೋಕನೊಬ್ಬನನ್ನು ನಿಲ್ಲಿಸಿ ಗೋಡೆಯ ಮೇಲಿನ ಬಣ್ಣಗಳ ಹೆಸರು ಕೇಳುತ್ತಾನೆ. ಮಗುವಿನಂತೆ ನಟಿಸುವ ಆಮಿಷಕ್ಕೆ ಅನೇಕ ನಟರು ಇಲ್ಲಿ ಬಲಿಯಾಗುತ್ತಿದ್ದರು. ಗಾಂಟ್ಸ್ ಹಾಗೆ ಮಾಡುವುದಿಲ್ಲ, ಬಹಳ ಕಾಲದಿಂದ ಓದಿ ಮಾತ್ರ ಬಲ್ಲ ವಿಷಯವನ್ನು ಮೊದಲ ಬಾರಿ ಪರೀಕ್ಷಿಸುತ್ತಿರುವ ವಿದ್ವಾಂಸನಂತೆ ನಡೆದುಕೊಳ್ಳುತ್ತಾರೆ.

ಹಾಗಾದರೆ ಅವರು ಜರ್ಮನ್ ನಟರಲ್ಲವೇ? ಅವರ ಪಾತ್ರಗಳ ಭಾಷೆಯನ್ನೇ ಗಮನಿಸಿ. ಜಿನೀವಾದ ನಿರ್ದೇಶಕ ಆಲೇನ್ ಟಾನರ್ ಅವರ 'ಇನ್ ದಿ ವೈಟ್ ಸಿಟಿ'ಯಲ್ಲಿ ಹಡಗು ಬಿಟ್ಟು ಲಿಸ್ಬನ್ ನಗರದಲ್ಲಿ ಕಳೆದುಹೋಗಿ, ಊರಿನಲ್ಲಿರುವ ಹೆಂಡತಿಗೆ ಸೂಪರ್-8 ಚಿತ್ರಸುರುಳಿಗಳನ್ನು ಕಳುಹಿಸುವ ಸ್ವಿಸ್ ನಾವಿಕ. ಇಟಲಿಯ 'ಬ್ರೆಡ್ ಅಂಡ್ ಟುಲಿಪ್ಸ್'ನಲ್ಲಿ ಹಳೆಯ ಪುಸ್ತಕದ ಇಟಾಲಿಯನ್ ಮಾತನಾಡುವ ಐಸ್ಲೆಂಡಿನ ಹೋಟೆಲ್ ಮಾಣಿ. ಫ್ರೆಡಿ ಮೂರರ್ ಅವರ 'ವಿಟುಸ್'ನಲ್ಲಿ ಸ್ವಿಸ್ ಆಡುಮಾತಿನ ಅಜ್ಜ. ಆ ಮಾಣಿಯ ಪಾತ್ರದಲ್ಲಿ ಗಾಂಟ್ಸ್ ತಮ್ಮ ತಾಯಿಯ ಭಾಷೆಯನ್ನೇ ಪರಕೀಯನಂತೆ ಆಡುತ್ತಾರೆ ಎಂಬುದನ್ನು ನೆನೆದರೆ ಅದರ ಸೊಗಸು ಹೆಚ್ಚುತ್ತದೆ. 1996ರಲ್ಲಿ ಅವರಿಗೆ ಇಫ್ಲಾಂಡ್ ಉಂಗುರ ಸಂದಿತು. ಜರ್ಮನ್ ರಂಗಭೂಮಿಯ ಅತ್ಯಂತ ಗೌರವದ ಈ ಉಂಗುರವನ್ನು ಧರಿಸಿದವರು ಮುಂದಿನವರ ಹೆಸರನ್ನು ತಾವೇ ಬರೆದಿಟ್ಟು ಹೋಗಬೇಕು. ಗಾಂಟ್ಸ್ ಆರಿಸಿದ್ದ ಗೆರ್ಟ್ ಫೋಸ್ ಅವರು 2014ರಲ್ಲಿ ತೀರಿಕೊಂಡದ್ದರಿಂದ ಹೆಸರು ಬದಲಿಸಬೇಕಾಯಿತು. 2019ರ ಫೆಬ್ರವರಿಯಲ್ಲಿ ಗಾಂಟ್ಸ್ ತೀರಿಕೊಂಡ ಮೇಲೆ ಅದು ಯೆನ್ಸ್ ಹಾರ್ಟ್ಸರ್ ಅವರ ಕೈಗೆ ಹೋಯಿತು.

ಫ್ರೆಂಚ್ ಕಡೆಯ ದೊಡ್ಡ ಹೆಸರು ಮಿಷೆಲ್ ಸಿಮೋನ್. 1895ರಲ್ಲಿ, ಲ್ಯೂಮಿಯೇರ್ ಸಹೋದರರು ಪ್ಯಾರಿಸ್ಸಿನಲ್ಲಿ ಸಿನಿಮಾ ತೋರಿಸಿದ ವರ್ಷವೇ, ಜಿನೀವಾದಲ್ಲಿ ಹುಟ್ಟಿದವರು. ಈ ಕಾಕತಾಳೀಯದ ಬಗ್ಗೆ ತಾವೇ ತಮಾಷೆ ಮಾಡುತ್ತಿದ್ದರು. ಜಿನೀವಾದಲ್ಲಿ ರಷ್ಯಾ ಮೂಲದ ಜಾರ್ಜ್ ಪಿತೋಯೆಫ್ ಅವರ ನಾಟಕ ತಂಡ ಸೇರಿ, ಆ ತಂಡ ಪ್ಯಾರಿಸ್ಸಿಗೆ ಹೋದಾಗ ತಾವೂ ಹೋದರು. ಜಾನ್ ವಿಗೋ ಅವರ 1934ರ 'ಲಾಟಲಾಂಟ್' ಚಿತ್ರದಲ್ಲಿ ಸರಕುದೋಣಿಯ ಮುದಿ ನಾವಿಕ ಜ್ಯೂಲ್ ಆಗಿ ಅವರು ಹೊಸ ಮದುಮಗಳಿಗೆ ತನ್ನ ಕೋಣೆ ತೋರಿಸುವ ದೃಶ್ಯವೊಂದಿದೆ: ಎಲ್ಲೆಲ್ಲೂ ಬೆಕ್ಕುಗಳು, ದೇಶದೇಶದಿಂದ ತಂದ ಚಿಲ್ಲರೆ ವಸ್ತುಗಳು, ಕೀಲಿ ಕೊಟ್ಟರೆ ಕೈ ಆಡಿಸುವ ಗೊಂಬೆ, ಗಾಜಿನ ಭರಣಿಯಲ್ಲಿ ಸತ್ತ ಗೆಳೆಯನ ಕೈಗಳು, ಮೈತುಂಬ ಹಚ್ಚೆ. ಪಾತ್ರವನ್ನು ಮಾತಿನಿಂದಲ್ಲ, ದೇಹದಿಂದ, ವಸ್ತುಗಳಿಂದ ಕಟ್ಟುವುದು ಹೇಗೆಂದು ಕಲಿಸಲು ನನಗೆ ಇದಕ್ಕಿಂತ ಒಳ್ಳೆಯ ಪಾಠ ತೋಚದು. ಕೊನೆಗಾಲದ ದೊಡ್ಡ ಪಾತ್ರ, 'ದಿ ಟೂ ಆಫ್ ಅಸ್'ನಲ್ಲಿ ತಿಳಿಯದೇ ಯಹೂದಿ ಹುಡುಗನನ್ನು ಪ್ರೀತಿಸುವ ಯಹೂದಿದ್ವೇಷಿ ಮುದುಕ, ಅವರಿಗೆ 1967ರ ಬರ್ಲಿನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿ ತಂದಿತು. ಇವರನ್ನು ಫ್ರೆಂಚ್ ನಟರೆಂದರೆ ನಾನು ಜಗಳವಾಡುವುದಿಲ್ಲ. ಅವರ ಕಲೆ ಬೆಳೆದದ್ದು ಪ್ಯಾರಿಸ್ಸಿನಲ್ಲೇ.

ಇನ್ನು ಕೆಲವರನ್ನು ಬೇಗ ಮುಟ್ಟಿ ಹೋಗುತ್ತೇನೆ. ಬರ್ನ್ ಬಳಿಯ ಓಸ್ಟರ್‌ಮುಂಡಿಗನ್‌ನ ಉರ್ಸುಲಾ ಆಂಡ್ರೆಸ್ 1962ರ ಜೇಮ್ಸ್ ಬಾಂಡ್ ಸಾಹಸ 'ಡಾ. ನೋ' ಚಿತ್ರದಲ್ಲಿ ಸಮುದ್ರದಿಂದ ಎದ್ದು ಬಂದದ್ದು ಎಲ್ಲರಿಗೂ ಗೊತ್ತು, ಅಲ್ಲಿ ಕೇಳುವ ಧ್ವನಿ ಅವರದಲ್ಲ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಉಚ್ಚಾರಣೆಯ ಕಾರಣಕ್ಕೆ ಬೇರೊಬ್ಬರಿಂದ ಡಬ್ ಮಾಡಿಸಿದರು. ಬಾಸೆಲ್‌ನ ಮಾರ್ಟೆ ಕೆಲ್ಲರ್ ಬ್ಯಾಲೆ ಕಲಿಯುತ್ತಿದ್ದು, ಸ್ಕೀಯಿಂಗ್ ಅಪಘಾತದಿಂದ ಅದನ್ನು ಬಿಟ್ಟು ನಟಿಯಾದವರು, 'ಮ್ಯಾರಥಾನ್ ಮ್ಯಾನ್' ಚಿತ್ರದ ನಂತರ ಒಪೆರಾ ನಿರ್ದೇಶನದವರೆಗೂ ಹೋದರು. ಟಾನರ್ ಚಿತ್ರಗಳ ನಟ, ಜಿನೀವಾದ ಜಾನ್-ಲೂಕ್ ಬಿದೋ ಪ್ಯಾರಿಸ್ಸಿನ ಹೆಸರಾಂತ ನಾಟಕ ಸಂಸ್ಥೆ ಕೊಮೆದಿ ಫ್ರಾನ್ಸೇಸ್ ತಲುಪಿದರು.

ಸ್ವಿಸ್ ಯಾರು ಎಂಬ ನಿಮ್ಮ ಪ್ರಶ್ನೆಯನ್ನೇ ಹಾಸ್ಯದ ವಸ್ತುವಾಗಿಸಿಕೊಂಡ ಚಿತ್ರವೂ ಒಂದಿದೆ: ರೋಲ್ಫ್ ಲಿಸ್ಸಿ ಅವರ 1978ರ 'ದಿ ಸ್ವಿಸ್‌ಮೇಕರ್ಸ್'. ಪೌರತ್ವ ಕೋರಿದ ವಿದೇಶಿಯರ ಮನೆಗೆ ಹೋಗಿ, ಕಸದ ಚೀಲ ಕಟ್ಟುವ ರೀತಿಯಿಂದ ಹಿಡಿದು ನೆರೆಯವರ ಅಭಿಪ್ರಾಯದವರೆಗೆ ತನಿಖೆ ಮಾಡುವ ಇಬ್ಬರು ಅಧಿಕಾರಿಗಳ ಕಥೆ. ವಾಲೋ ಲ್ಯೂಯೆಂಡ್ ಕಟ್ಟುನಿಟ್ಟಿನ ಹಿರಿಯ, ಎಮಿಲ್ ಸ್ಟೈನ್‌ಬರ್ಗರ್ ಅನುಮಾನ ಮೊಳೆಯುತ್ತಿರುವ ಕಿರಿಯ. ಲೂಸರ್ನ್‌ನವರಾದ ಸ್ಟೈನ್‌ಬರ್ಗರ್ ಅಂಚೆ ಕಚೇರಿಯ ಕೆಲಸ ಬಿಟ್ಟು ಹಾಸ್ಯನಟರಾದವರು, ದೇಶದಲ್ಲಿ ಅವರನ್ನು ಬರೀ 'ಎಮಿಲ್' ಎಂದೇ ಕರೆಯುತ್ತಾರೆ. ಸುಮಾರು 60 ಲಕ್ಷ ಜನಸಂಖ್ಯೆಯಿದ್ದ ಆಗಿನ ಸ್ವಿಟ್ಜರ್ಲೆಂಡಿನಲ್ಲಿ ಈ ಚಿತ್ರವನ್ನು 9 ಲಕ್ಷಕ್ಕೂ ಹೆಚ್ಚು ಮಂದಿ ಚಿತ್ರಮಂದಿರದಲ್ಲಿ ನೋಡಿದರು. ಇದರ ಜೊತೆಗೆ ಮಾರ್ಕುಸ್ ಇಮ್‌ಹೋಫ್ ಅವರ 1981ರ 'ದಿ ಬೋಟ್ ಈಸ್ ಫುಲ್' ನೋಡಿ. ಯುದ್ಧಕಾಲದ ನಿರಾಶ್ರಿತರನ್ನು ಮನೆಯಲ್ಲಿ ಇರಿಸಿಕೊಳ್ಳಲೂ ಆಗದೆ ಹೊರದೂಡಲೂ ಆಗದೆ ತೊಳಲಾಡುವ ಹಳ್ಳಿಯ ಹೋಟೆಲಿನವನಾಗಿ ಮಥಿಯಾಸ್ ಗ್ನೇಡಿಂಗರ್ ಅದರಲ್ಲಿ ಅಪೂರ್ವವಾಗಿ ನಟಿಸಿದ್ದಾರೆ, ಗ್ರೆಟ್ಲರ್ ಅವರ ಆ ಕಾಯುವ ಗುಣ ಮತ್ತೆ ಕಾಣುವುದು ಇವರಲ್ಲಿ.

ನೋಡುವ ಕ್ರಮ ಕೇಳಿದ್ದೀರಿ. ಮೊದಲು 'ವಿಂಗ್ಸ್ ಆಫ್ ಡಿಸೈರ್', ಅದು ಮುಗಿದ ಕೂಡಲೇ 'ಡೌನ್‌ಫಾಲ್'. ಒಂದೇ ಮುಖ ಎರಡರಲ್ಲೂ ಏನೇನು ಮಾಡುತ್ತದೆಂದು ಹೋಲಿಸಲು ನಡುವೆ ಹೆಚ್ಚು ಅಂತರ ಬೇಡ. ಆಮೇಲೆ 'ಲಾಟಲಾಂಟ್', 'ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್', 'ಮಾರ್ಲೀನ್'. ಕೊನೆಗೆ ಹೈಡಿ ಎಂಬ ಹುಡುಗಿಯ ಪ್ರಸಿದ್ಧ ಸ್ವಿಸ್ ಮಕ್ಕಳ ಕಥೆಯ ಎರಡು ಚಿತ್ರಗಳನ್ನು ಒಟ್ಟಿಗೆ ನೋಡಿ: 1952ರದ್ದರಲ್ಲಿ ಬೆಟ್ಟದ ಅಜ್ಜನ ಪಾತ್ರ ಗ್ರೆಟ್ಲರ್ ಅವರದು, 2015ರದ್ದರಲ್ಲಿ ಗಾಂಟ್ಸ್ ಅವರದು. ಊರಲ್ಲೇ ನಿಂತವರೂ ಊರು ಬಿಟ್ಟು ಹೆಸರು ಮಾಡಿದವರೂ ಒಂದೇ ಪಾತ್ರದಲ್ಲಿ ಸಿಗುವ ಜಾಗ ಅದೊಂದೇ. ಸ್ವಿಸ್ ಚಿತ್ರಗಳನ್ನು ಜರ್ಮನಿಯ ಮಾರುಕಟ್ಟೆಗೆಂದು ಶಿಷ್ಟ ಜರ್ಮನ್‌ಗೆ ಡಬ್ ಮಾಡುವ ರೂಢಿಯಿದೆ. ಆದ್ದರಿಂದ ಆಯ್ಕೆ ಸಿಕ್ಕಾಗಲೆಲ್ಲ ಸ್ವಿಸ್ ಜರ್ಮನ್ ಧ್ವನಿಯಿರುವ ಪ್ರತಿಯನ್ನೇ ಆರಿಸಿಕೊಂಡು ಉಪಶೀರ್ಷಿಕೆಯೊಂದಿಗೆ ನೋಡಿ. ಅರ್ಥ ಎರಡರಲ್ಲೂ ಉಪಶೀರ್ಷಿಕೆಯಿಂದಲೇ ತಿಳಿಯುವುದಾದರೂ, ನಟನ ಉಸಿರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಸಡಿಲಾಗುತ್ತದೆ ಎಂಬುದು ಡಬ್ ಮಾಡಿದ ಪ್ರತಿಯಲ್ಲಿ ಕೇಳಿಸುವುದಿಲ್ಲ.